ನಿಂಗವ್ವ ಮುಚ್ಚಿದ ಬಿರುಕು

ನನಗೆ ಸಿಟ್ಟು ಜಾಸ್ತಿ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಸಿಟ್ಟು ಬರಿಸುವವರು ಯಾರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಖಾನಾಪುರದ ಕುಂಬಾರ ಓಣಿಯ ನಿಂಗವ್ವನ ಬಗ್ಗೆ ಬರೆಯಲು ಕುಳಿತರೆ ಈಗಲೂ ಮೊದಲು ಬರುವುದು ಸಿಟ್ಟೇ, ಉಳಿದದ್ದೆಲ್ಲ ಆಮೇಲೆ. ಅಷ್ಟು ಒಳ್ಳೆಯ ಹೆಂಗಸು ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡಿದ್ದಾಳೆ.

ಇದು ಶುರುವಾದದ್ದು ಸಾಕ್ಷಿ ಎಂಬ ನಮ್ಮ ಹುಡುಗಿಯಿಂದ. ಬೆಳಗಾವಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸಾಕ್ಷಿ ಒಂಬತ್ತನೆಯ ತರಗತಿ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಮೊಬೈಲಿನಲ್ಲಿ ಕೇಳಿ ಕೇಳಿ ಯುರೋಪಾ ಎಂಬ ಚಂದ್ರನ ಹುಚ್ಚು ಹಿಡಿಸಿಕೊಂಡಿದ್ದಳು. ಅದು ಗುರುಗ್ರಹವನ್ನು ಸುತ್ತುವ ಚಂದ್ರ. ನಮ್ಮ ಚಂದ್ರನಿಗಿಂತ ತುಸು ಚಿಕ್ಕದು. ಮೈಯೆಲ್ಲ ಹಿಮದ ಗಡ್ಡೆ, ಆ ಹಿಮದ ತುಂಬ ಉದ್ದುದ್ದ ಬಿರುಕು, ಕೆಳಗೆ ಸಮುದ್ರವಿರಬೇಕು ಎಂದು ತಿಳಿದವರು ಹೇಳುತ್ತಾರೆ. ಒಂದು ನೌಕೆ ಅದನ್ನು ನೋಡಲು ಹೊರಟು ಇನ್ನೂ ದಾರಿಯಲ್ಲಿದೆ.

"ಅಕ್ಕೋರ, ಬಿರುಕ ಅಂದ್ರ ಹೆಂಗ್ರಿ? ಗ್ವಾಡಿ ಬಿರುಕಿನಂಗೋ, ನಮ್ಮವ್ವನ ಹಿಮ್ಮಡದ ಬಿರುಕಿನಂಗೋ?" ಎಂದು ಕೇಳಿದಳು.

ಇಷ್ಟು ವರ್ಷ ಪಾಠ ಹೇಳಿದ್ದೇನೆ, ಕಣ್ಣಿದ್ದ ಯಾವ ಹುಡುಗಿಯೂ ನನಗೆ ಇಂಥ ಪ್ರಶ್ನೆ ಕೇಳಿಲ್ಲ. ಅವಳಿಗೆ ಹತ್ತನೆಯಲ್ಲೂ ವಿಜ್ಞಾನವೇ ಬೇಕು. ನಮ್ಮ ಮುಖ್ಯಾಧ್ಯಾಪಕರು ರಾಯಪ್ಪ ಸರ್, ಅವರಿಗೆ ಬೇಡ.

"ಇಂಥಾ ಮಕ್ಕಳು ವಿಜ್ಞಾನ ಬಿಟ್ಟ ಬದಲಿ ವಿಷಯ ತಗೊಂಡ ಪಾಸಾಗ್ಯಾರ ರೀ, ಇಲ್ಲೀತನಾ ಯಾರೂ ತಕರಾರ ತಗದಿಲ್ಲ," ಎಂದರು. "ಚಿತ್ರಾ ನೋಡದಾಕಿ ವಿಜ್ಞಾನ ಏನ ಕಲೀತಾಳ?"

"ಯುರೋಪಾಕ್ಕ ಕಣ್ಣಿದ್ದವ್ರು ಯಾರ ಹೋಗಿ ಬಂದಾರ್ರಿ ಸರ್? ಅಲ್ಲೆ ನಾವೂ ಆಕಿನೂ ಒಂದ," ಎಂದೆ.

ಮಾತಿಗೆ ಮಾತು ಬೆಳೆಯಿತು. ನನ್ನ ಗಂಟಲು ಏರಿತು. ನನ್ನ ಕಾಟ ತಪ್ಪಿದರೆ ಸಾಕಾಗಿತ್ತೋ ಏನೋ, ಅವರು ಕಡೆಗೆ ಕೈ ಎತ್ತಿ, "ಹಂಗಾರ ತಿಂಗಳ ಕಡೇ ಸೋಮವಾರ ಆಕಿ ನನಗ ಒಂದ ಪಾಠ ಹೇಳ್ಲಿ. ನನ್ನ ತಲಿಗೆ ಹೊಕ್ಕರ ವಿಜ್ಞಾನ, ಇಲ್ಲಂದ್ರ ಬದಲಿ ವಿಷಯ. ಆಮ್ಯಾಲ ನೀವ ಮಾತಾಡಬಾರದು," ಎಂದರು. ಪಾಠ ಯಾವುದೆಂದು ಸಾಕ್ಷಿಯನ್ನು ಕೇಳುವ ಅಗತ್ಯವೇ ಇರಲಿಲ್ಲ.

ಪಾಠ ಹೇಳಬೇಕಾದರೆ ಮೊದಲು ಅವಳ ಕೈಗೆ ಒಂದು ಯುರೋಪಾ ಬೇಕು. ರವಿವಾರ ಪೇಟೆಗೆ ಹೋದೆ. ಥರ್ಮಾಕೋಲ್ ಗುಂಡು ಒಂದು ಕೊಡಿ ಎಂದರೆ ಅಂಗಡಿಯವನು ಡಜನ್ನಿಗೆ ಕಡಿಮೆ ಮಾರುವುದಿಲ್ಲ ಎಂದ. "ಒಂದ ಚಂದ್ರಗ ಒಂದ ಡಜನ್ ಯಾಕೋ?" ಎಂದು ಜಗಳ ಮಾಡಿ ಒಂದನ್ನು ಕಿತ್ತುಕೊಂಡು ಬಂದೆ. ಸಾಕ್ಷಿಯ ಬೆರಳು ಎರಡು ಸಲ ಆಡಿದ್ದೇ ತಡ, ಬಿರುಕಿಗೆಂದು ನಾನು ಗೀರು ಹಾಕಿದ ಕಡೆಯೆಲ್ಲ ಅದು ರವೆ ರವೆಯಾಗಿ ಉದುರಿತು. ಆಗ ಸಹೋದ್ಯೋಗಿಯೊಬ್ಬರು, ಮಣ್ಣಿನದು ಮಾಡಿಸಿ ಸುಡಿಸು, ಖಾನಾಪುರದ ಮಣ್ಣು ಗಟ್ಟಿ, ಅಲ್ಲಿ ಬಾಳಪ್ಪ ಮತ್ತು ನಿಂಗವ್ವ ಎಂಬ ಗಂಡ ಹೆಂಡತಿ ಇದ್ದಾರೆ ಎಂದರು.

ಪೀರನವಾಡಿಯಲ್ಲಿರುವ ನನಗೆ ಬಸ್ಸೇ ಹತ್ತಿರ. ಬುದ್ಧಿ ಇಲ್ಲದೆ ರೈಲು ಹತ್ತಿದೆ. ದೇಸೂರಿನಲ್ಲಿ ಕ್ರಾಸಿಂಗ್ ಎಂದು ನಿಲ್ಲಿಸಿದರು, ಗೂಡ್ಸ್ ಗಾಡಿ ಬರುವ ಹೊತ್ತಿಗೆ ನನ್ನ ಡಬ್ಬಿಯ ಊಟ ಮುಗಿದು ಎಲೆ ಅಡಿಕೆಯವನ ಹತ್ತಿರ ಪರಿಚಯವೂ ಆಗಿತ್ತು.

ನಿಂಗವ್ವ ಅಂಗಳದಲ್ಲಿ ತಿಗರಿಯ ಮುಂದೆ ಕುಳಿತಿದ್ದಳು. ಗಿಡ್ಡ ಹೆಂಗಸು, ಹಣೆ ತುಂಬ ವಿಭೂತಿ, ಮೊಣಕೈವರೆಗೆ ಮಣ್ಣು. ಕುಂಬಾರರ ಮನೆಯಲ್ಲಿ ತಿಗರಿ ಗಂಡಸರದ್ದು. ಹಲಗೆಯಿಂದ ಗಡಿಗೆ ಬಡಿದು ನಯ ಮಾಡುವುದು, ಒಣಗಿಸುವುದು, ಹೊತ್ತು ಮಾರುವುದು ಹೆಂಗಸರ ಕೆಲಸ. ಬಾಳಪ್ಪನ ಸೊಂಟ ಬಿದ್ದ ಮೇಲೆ ಈಕೆ ತಿಗರಿಗೆ ಕುಳಿತಳಂತೆ. ಓಣಿಯವರು ಆಡಿಕೊಂಡರು. "ಬಾಯಿ ನಿಮ್ದು, ತಿಗರಿ ನಂದು," ಎಂದು ಹೇಳಿ ಈಕೆ ಚಕ್ರ ತಿರುಗಿಸಿದಳು. ಗಿರಾಕಿ ಜೊತೆ ಮರಾಠಿ, ಗಂಡನ ಜೊತೆ ಕನ್ನಡ, ಮಣ್ಣು ಮಾತು ಕೇಳದಿದ್ದರೆ ಎರಡರಲ್ಲೂ ಬೈಗುಳ. ಬೆಳಿಗ್ಗೆ ಮೊದಲ ಮಣ್ಣಿನ ಮುದ್ದೆಯನ್ನು ಕಣ್ಣಿಗೊತ್ತಿಕೊಂಡು, ಕುಂಬಾರರ ಶರಣನನ್ನು ನೆನೆದು "ಗುಂಡಯ್ಯಾ ತಂದೆ" ಅನ್ನದೆ ಕೆಲಸ ಹಿಡಿಯುತ್ತಿರಲಿಲ್ಲ. ಇದೆಲ್ಲ ನೋಡಿ, ಕೇಳಿ ನನಗೆ ಬಹಳ ಖುಷಿಯಾಯಿತು. ಆ ಖುಷಿ ಒಂದು ವಾರ ಇತ್ತು.

ಸಾಕ್ಷಿಯ ವಿಷಯವನ್ನೆಲ್ಲ ಹೇಳಿದೆ. ಕಣ್ಣಿಲ್ಲದ ಹುಡುಗಿ, ಓದುವ ಹಟ, ಸರ್ ಕೊಟ್ಟ ಗಡುವು. ನಿಂಗವ್ವ ಕೇಳುತ್ತ ಕೇಳುತ್ತ ಎರಡು ಬಟ್ಟಲು ಎತ್ತಿ, ಬಾಯಿಗೆ ಬಾಯಿ ಕೂಡಿಸಿ, ಬಡಿದು, ತೆಂಗಿನಕಾಯಿ ಗಾತ್ರದ ಒಂದು ಚೆಂಡು ಮಾಡಿಟ್ಟಳು. ಒಳಗೆ ಪೊಳ್ಳು, ಗಾಳಿಗೆ ಒಂದು ಸಣ್ಣ ತೂತು. ಮೇಲ್ಮೈ ಸ್ವಲ್ಪ ಬಿಗಿದ ಮೇಲೆ ನಾನು ತಲೆಪಿನ್ನಿನಿಂದ ಅದರ ಮೈಮೇಲೆ ಬಿರುಕುಗಳನ್ನು ಗೀರಿದೆ. ಖರೆ ಹೇಳಬೇಕೆಂದರೆ ಯುರೋಪಾ ಬಹಳ ನುಣುಪಾದ ಚಂದ್ರ, ಅದರ ಗೀರುಗಳಿಗೆ ಹೇಳಿಕೊಳ್ಳುವಂಥ ಆಳವಿಲ್ಲ. ಆದರೆ ಬೆರಳಿಗೆ ಹತ್ತಬೇಕಲ್ಲ, ಅದಕ್ಕೇ ಆಳವಾಗಿ ಗೀರಿದೆ. ನಿಂಗವ್ವ ಮೂಗು ಮುರಿದಳು.

"ಇವನ್ನ ಹಿಂಗ ಬಿಡ್ರಿ ನಿಂಗವ್ವಾರ," ಎಂದೆ.

"ಹೂಂ," ಎಂದಳು.

ಆ "ಹೂಂ" ನಂಬಿ ನಾನು ಬೆಳಗಾವಿಗೆ ಬಂದೆ.

ಮುಂದಿನ ವಾರ ಹೋದರೆ ಚೆಂಡು ಕನ್ನಡಿಯ ಹಾಗೆ ಮಿಂಚುತ್ತಿದೆ! ಒಂದು ಗೀರಿಲ್ಲ. ಕೈಯಾಡಿಸಿದೆ, ಬೆಣ್ಣೆ.

"ಪಾಪ, ಬಾಯಿ ಬಿಟ್ಟಿತ್ತು ರೀ ಅಕ್ಕೋರ. ತಿಳಿಮಣ್ಣ ಹಚ್ಚಿ ಮುಚ್ಚೇನಿ. ಈಗ ನೋಡ್ರಿ, ಮದಲಿಂಗನಂಗ ಆಗೇತಿ," ಎಂದಳು. ಮುಖದಲ್ಲಿ ಅಷ್ಟು ಸಂತೋಷ.

ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕಟ್ಟೆಗೆ ಕುಳಿತೆ. "ಅಯ್ಯ ನಮ್ಮವ್ವಾ! ಆ ಬಿರುಕ ಬೇಕಂತ ಮಾಡಿದ್ದ ರೀ! ಆ ಹುಡುಗಿ ಓದೂದ ಆ ಬಿರುಕಿನ್ಯಾಗ ಐತಿ!"

"ಬಿರುಕಿನ್ಯಾಗ ಏನ ಓದತಾರ್ರಿ?"

ಹೇಳಿದೆ. ಗುರುಗ್ರಹ ಹೇಳಿದೆ, ಅದಕ್ಕೆ ಎಷ್ಟೊಂದು ಚಂದ್ರರು ಎಂದು ಹೇಳಿದೆ. "ಅಷ್ಟ ಚಂದ್ರ ಇದ್ದರೂ ನಮ್ಮ ಮೊಮ್ಮಗಳಿಗೆ ಗುರುಬಲ ಬರವಲ್ದು ನೋಡ್ರಿ," ಎಂದು ಆಕೆ ತನ್ನ ಚಿಂತೆ ಹೇಳಿಕೊಂಡಳು. ಕೋಣನ ಮುಂದೆ ಕಿನ್ನರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮತ್ತೊಂದು ಚೆಂಡು ಮಾಡಿಸಿದೆ. ಮತ್ತೆ ಗೀರಿದೆ. ಈ ಸಲ ಬಾಳಪ್ಪನನ್ನು ಕರೆದು, "ಅಜ್ಜಾರ, ಇದು ಆವಿಗಿ ಒಳಗ ಹೋಗೂತನಾ ನಿಮ್ಮ ಹೆಂಡ್ತಿ ಕೈ ಇದಕ್ಕ ಹತ್ತಬಾರದು," ಎಂದು ಆಣೆ ಹಾಕಿಸಿದೆ. ಅವರು ನಕ್ಕರು. ನನಗೆ ನಗೆ ಬರಲಿಲ್ಲ, ದಿನಗಳು ಓಡುತ್ತಿದ್ದವು.

ಬಾಳಪ್ಪ ಮಾತು ಉಳಿಸಿಕೊಂಡರು. ಚೆಂಡು ಗೀರು ಸಮೇತ ಆವಿಗೆಗೆ ಹೋಯಿತು, ಗೀರು ಸಮೇತ ಸುಟ್ಟು ಹೊರಗೂ ಬಂತು. ಸೋಮವಾರ ಪಾಠ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ತರಲು ಹೋದೆ. ಅಂಗಳದಲ್ಲಿ ಬಿಸಿ ಆರುತ್ತಿದ್ದ ಗಡಿಗೆಗಳ ಸಾಲು. ಸಾಲಿನ ಕೊನೆಗೆ ನಿಂಗವ್ವ ನಿಂತಿದ್ದಳು, ಕೈಯಲ್ಲಿ ಸಣ್ಣ ಬಡಿಗೆ. ಕಾಲ ಬಳಿ ಕೆಂಪು ಚೂರು. ಚೂರುಗಳ ಮೇಲೆ ನನ್ನ ತಲೆಪಿನ್ನಿನ ಗೀರು.

"ಏನ ಮಾಡಿದ್ರಿ ಇದನ್ನ?" ಎಂದೆ. ದನಿ ನನಗೇ ಗುರುತು ಹತ್ತಲಿಲ್ಲ.

"ಬಡದ ನೋಡಿದ್ನಿ ರೀ. ದನಿ ಬರಲಿಲ್ಲ," ಎಂದಳು ಸಣ್ಣಗೆ.

ಆಕೆ ಪ್ರತಿ ಗಡಿಗೆಯನ್ನೂ ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ. ಠಣ್ ಅಂದರೆ ಸರಿ. ಬಿರುಕಿದ್ದರೆ ಬೊದ್ದ ಅನ್ನುತ್ತದೆ, ಅಂದ ಕೂಡಲೇ ಅಲ್ಲೇ ಒಡೆಯುತ್ತಾಳೆ. ಬಿರುಕಿನದು ಆಕೆಯ ಹೊಸ್ತಿಲು ದಾಟುವಂತಿಲ್ಲ. ಸಾಲಿನ ಗಡಿಗೆ ಬಡಿಯುತ್ತ ಬಡಿಯುತ್ತ ಬಂದಿದ್ದಾಳೆ, ನನ್ನ ಯುರೋಪಾ ಬೊದ್ದ ಅಂದಿದೆ, ಕೈ ತಾನಾಗಿ ಎದ್ದಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಕುಂಬಾರಗಿತ್ತಿಯೇ ದೊಣ್ಣೆ ಹಿಡಿದಿದ್ದಳು.

ಬಾಯಿಗೆ ಬಂದಂತೆ ಬೈದೆ. ಒಂದು ಹುಡುಗಿಯ ಮುಂದಿನ ಬದುಕನ್ನೇ ಚೂರು ಮಾಡಿದಿರಿ ಎಂದೆ. ಕೈಗೆ ಬಂದ ತುತ್ತು ಕಿತ್ತುಕೊಂಡಿರಿ ಎಂದೆ. ನಿಂಗವ್ವ "ಕೈ ಕೇಳಲಿಲ್ಲ ಅಕ್ಕೋರ," ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ಆಗ ಬಾಳಪ್ಪ ಹತ್ತಿರ ಬಂದು ಕುಳಿತರು. "ಬೈಬ್ಯಾಡ್ರಿ. ಅಕಿ ಮೊದಲ ಹಿಂಗ ಇರಲಿಲ್ಲ," ಎಂದರು.

ಬಹಳ ವರ್ಷದ ಹಿಂದಿನ ಮಾತು. ಹತ್ತಿರದ ಒಂದು ಹಳ್ಳಿಯ ಮದುವೆಗೆ ಐರಾಣಿ ಗಡಿಗೆ ಇವರ ಮನೆಯಿಂದಲೇ ಹೋಗಿತ್ತು. ಐರಾಣಿ ಎಂದರೆ ಮದುವೆಯಲ್ಲಿ ನೀರು ತುಂಬಿ ಪೂಜೆ ಮಾಡುವ ಬಣ್ಣದ ಗಡಿಗೆಗಳು. ಮಣ್ಣು ಹದ ಮಾಡಿ ಬಡಿದವಳು ನಿಂಗವ್ವ, ಸುಟ್ಟವರು ಬಾಳಪ್ಪ. ಹಂದರದಲ್ಲಿ ನೀರು ಹಾಕಿದ್ದೇ ತಡ ಒಂದು ಗಡಿಗೆ ಬಿರುಕು ಬಿಟ್ಟು ಮದುಮಗಳ ಕಾಲ ಮೇಲೆ ನೀರು ಹರಿಯಿತು. ವರ್ಷ ತುಂಬುವುದರೊಳಗೆ ಆ ಹುಡುಗಿ ಬಾಣಂತನದಲ್ಲಿ ತೀರಿಕೊಂಡಳು. ಹುಡುಗಿಯ ತಾಯಿ ಇದೇ ಅಂಗಳಕ್ಕೆ ಬಂದು, ಓಣಿ ಎಲ್ಲ ಕೇಳುವಂತೆ, "ನಿನ್ನ ಕೈ ಕೆಟ್ಟ ಕೈ, ನನ್ನ ಮಗಳನ್ನ ತಿಂತು," ಎಂದು ಮಣ್ಣು ತೂರಿ ಹೋದಳು. ಆಮೇಲೆ ಆ ಊರಿನವರು ಮದುವೆಗೆ ಇವರಲ್ಲಿ ಗಡಿಗೆ ಒಯ್ಯಲಿಲ್ಲ.

"ಸುಟ್ಟಾಂವ ನಾನ. ನಂದ ತಪ್ಪ ಇರಬೇಕಂತ ನಾ ಹೇಳೇ ಹೇಳಿದ್ನಿ. ಅಕಿ ಕೇಳವಲ್ಲಳು," ಎಂದರು ಬಾಳಪ್ಪ.

ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಕರಗಲಿಲ್ಲ. ಸೋಮವಾರ ತಲೆಯ ಮೇಲೆ ಕುಳಿತಿತ್ತು. ಆ ಮುದುಕಿಯ ದುಃಖಕ್ಕೆ ನಮ್ಮ ಸಾಕ್ಷಿ ಯಾಕೆ ದಂಡ ತೆರಬೇಕು ಎಂದು ಗೊಣಗುತ್ತ ಬಸ್ಸು ಹತ್ತಿದೆ. ಸಾಕ್ಷಿಗೆ ಫೋನ್ ಮಾಡಿ, ಚಂದ್ರ ಇಲ್ಲ, ಬರೀ ಬಾಯಲ್ಲಿ ಹೇಳಬೇಕಾಗುತ್ತದೆ ಎಂದೆ. ಅವಳು ಯಾವತ್ತೂ ಇಲ್ಲದ ಹಾಗೆ "ಆತ್ರಿ," ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗೇಟಿನಲ್ಲಿ ಗಲಾಟೆ. ನೋಡಿದರೆ ನಿಂಗವ್ವ! ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಗೋಣಿತಟ್ಟು. ಗೇಟಿನವನು ಗಡಿಗೆ ಮಾರುವವಳೆಂದು ತಡೆದಿದ್ದ, ಆಕೆ ಅವನಿಗೆ ಮರಾಠಿಯಲ್ಲಿ ಪಾಠ ಹೇಳುತ್ತಿದ್ದಳು.

"ಸುಡಾಕ ಯಾಳೆ ಇರಲಿಲ್ರಿ. ಹಸೀದ ತಂದೇನಿ," ಎಂದು ಗೋಣಿತಟ್ಟು ಸರಿಸಿದಳು. ದುಂಡಗಿನ ಹಸಿ ಚೆಂಡು, ಒಂದು ಗೀರಿಲ್ಲ.

"ಇದರ ಮ್ಯಾಲ ಬಿರುಕ ಎಲ್ಲಿ ಅದಾವ?" ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನ್ನ ಕೈಲೆ ಬಿರುಕ ಮಾಡೂದ ಆಗಂಗಿಲ್ರಿ ಅಕ್ಕೋರ. ರಾತ್ರೆಲ್ಲಾ ಕುಂತ ನೋಡಿದ್ನಿ, ಆಗಲಿಲ್ಲ. ಆ ಕೂಸಿನ ಕೈಲೆ ಮಾಡಸ್ರಿ."

ಬೇರೆ ದಾರಿ ಇರಲಿಲ್ಲ. ರಾಯಪ್ಪ ಸರ್ ಕೋಣೆಯಲ್ಲಿ ಮೇಜಿನ ಮೇಲೆ ಗೋಣಿತಟ್ಟು ಹಾಸಿ ಚೆಂಡು ಇಟ್ಟೆ. ಅವರು ಮೇಜಿನ ಮೇಲಿನ ಮಣ್ಣನ್ನೂ, ಬಾಗಿಲ ಬಳಿ ನೆಲಕ್ಕೆ ಕುಳಿತ ನಿಂಗವ್ವನನ್ನೂ ನೋಡಿ ಹುಬ್ಬು ಗಂಟಿಕ್ಕಿದರು. ಸಾಕ್ಷಿ ಚೆಂಡಿನ ಮೇಲೆ ಕೈಯಾಡಿಸಿ ಯುರೋಪಾ ಎಂದರೇನು, ಎಲ್ಲಿದೆ, ಎಷ್ಟು ದೊಡ್ಡದು ಎಂದು ಚೆನ್ನಾಗಿಯೇ ಶುರು ಮಾಡಿದಳು. ಮೈಯೆಲ್ಲ ಬಿರುಕು ಎಂದಳು.

"ಬಿರುಕ ಯಾಕ ಬಿಡತಾವ?" ಎಂದರು ಸರ್.

"ಯಾಕಂದ್ರ..." ಎಂದು ಶುರು ಮಾಡಿ ಸಾಕ್ಷಿ ತಡವರಿಸಿದಳು. ನೂರು ಸಲ ನನಗೆ ಹೇಳಿದ ಉತ್ತರ! ಬೆರಳುಗಳು ಇಲ್ಲದ ಗೀರನ್ನು ಹುಡುಕುತ್ತ ಚೆಂಡಿನ ಮೇಲೆ ಸುಮ್ಮನೆ ಓಡಾಡಿದವು. ಸರ್ ಗಡಿಯಾರ ನೋಡಿದರು. ಬಾಯಿಪಾಠ ಮಾಡಿಸಿ ಕರೆತಂದಿದ್ದೀರಿ ಎಂಬಂತೆ ನನ್ನ ಕಡೆ ನೋಡಿದರು. ಮುಗಿಯಿತು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದುಕೊಂಡೆ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ನಿಂಗವ್ವ, ಯಾರ ಅಪ್ಪಣೆಗೂ ಕಾಯದೆ, ಜೋರಾಗಿ ಕೇಳಿದಳು. "ಹೇಳ ಯವ್ವಾ, ಅದರ ಬಿರುಕು ಯಾರ ತಪ್ಪು? ಮಾಡಿದವ್ರ ತಪ್ಪೋ, ಸುಟ್ಟವ್ರ ತಪ್ಪೋ?"

ಸಾಕ್ಷಿ ಆ ಧ್ವನಿಯ ಕಡೆ ತಿರುಗಿದಳು. "ಯಾರ ನೀವು?"

"ಇದನ್ನ ಮಾಡಿದಾಕಿ."

"ಹಂಗಾರ ಇಲ್ಲಿ ಬಾ ಆಯಿ. ಕೈ ಕೊಡು."

ನಿಂಗವ್ವ ಎದ್ದು ಬಂದಳು. ಸಾಕ್ಷಿ ಆಕೆಯ ಎರಡೂ ಕೈಗಳನ್ನು ಚೆಂಡಿನ ಮೇಲಿಟ್ಟು, ಅವುಗಳ ಮೇಲೆ ತನ್ನ ಕೈ ಇಟ್ಟಳು.

"ಗುರು ಭಾಳ ದೊಡ್ಡಾಂವ. ಇದು ಅವನ ಸುತ್ತ ತಿರಗತೈತಿ. ಒಮ್ಮೆ ಸ್ವಲ್ಪ ಹತ್ರ ಬರತೈತಿ, ಒಮ್ಮೆ ಸ್ವಲ್ಪ ದೂರ ಹೋಗತೈತಿ. ಹತ್ರ ಬಂದಾಗ ಅಂವ ಜೋರ ಜಗ್ಗತಾನ, ದೂರ ಹೋದಾಗ ಸಡ್ಲ ಬಿಡತಾನ. ಹಿಂಗ."

ಹಿಚುಕಿದಳು, ಬಿಟ್ಟಳು. ಮತ್ತೆ ಹಿಚುಕಿದಳು. ಖಾನಾಪುರದಿಂದ ಬರುವಷ್ಟರಲ್ಲಿ ಗಾಳಿಗೆ ಚೆಂಡಿನ ಮೇಲ್ಮೈ ಬಿಗಿದಿತ್ತು, ಒಳಮೈ ಹಸಿಯಿತ್ತು. ಮೂರನೆಯ ಸಲಕ್ಕೆ ಚಟ್ ಎಂದು ಒಂದು ಬಿರುಕು ಬಿಟ್ಟಿತು. ಅದರಿಂದ ಇನ್ನೊಂದು ಕವಲೊಡೆದು ಹಿಂದಕ್ಕೆ ಓಡಿತು. ನಿಂಗವ್ವನ ಹೆಬ್ಬೆರಳು ಮುಚ್ಚಲು ಹೋಯಿತು.

"ಆಯಿ, ಬೆರಳ ತಗಿ!" ಎಂದಳು ಸಾಕ್ಷಿ. ನಿಂಗವ್ವ ಬೆರಳು ತೆಗೆದಳು.

"ಮಾಡಿದವ್ರ ತಪ್ಪಲ್ಲ, ಸುಟ್ಟವ್ರ ತಪ್ಪೂ ಅಲ್ಲ. ಅಷ್ಟ ಜಗ್ಗಿದ್ರ ಬಿರುಕ ಬಿಡೂದ. ಆಮ್ಯಾಲ ಹಿಂಗ ಜಗ್ಗಿ ಬಿಟ್ಟು, ಜಗ್ಗಿ ಬಿಟ್ಟು ಒಳಗ ಕಾವು ಹುಟ್ಟತೈತಿ. ಆ ಕಾವಿಗೆ ಒಳಗಿನ ನೀರು ಹೆಪ್ಪುಗಟ್ಟದ ಹಂಗ ಉಳದೈತಂತ. ಬಿರುಕಿನ್ಯಾಗ ಬೆರಳ ಇಟ್ಟ ನೋಡು, ಹಸಿ ಐತಿ."

ನಿಂಗವ್ವ ಬೆರಳಿಟ್ಟಳು. ರಾಯಪ್ಪ ಸರ್ ಕೂಡ ಎದ್ದು ಬಂದು ಬೆರಳಿಟ್ಟರು, ಆಮೇಲೆ ಕರವಸ್ತ್ರದಲ್ಲಿ ಬಹಳ ಹೊತ್ತು ಒರೆಸಿಕೊಂಡರು.

"ಇದೆಲ್ಲಾ ಪರೀಕ್ಷಾದಾಗ ಬರದ ಬರತೈತೇನವಾ?" ಎಂದರು.

"ಬರಿಯಾಕ ಬ್ಯಾರೆದವ್ರನ್ನ ಕೊಡತಾರ್ರಿ ಸರ್. ಹೇಳಾಕಿ ನಾನ," ಎಂದಳು ಸಾಕ್ಷಿ.

"ಆತು, ವಿಜ್ಞಾನನ ತಗೋ," ಎಂದರು. ನಾನು ಉಸಿರು ಬಿಡುವುದರೊಳಗೆ, "ಆದ್ರ ಪ್ರಯೋಗ ಮಾಡೂಮುಂದ ಕೈಗಿಯ್ಯಿ ಸುಟ್ಟಕೊಂಡ್ರ ಅನುರಾಧಾ ಅಕ್ಕೋರ, ಅದು ನಿಮ್ಮ ಜವಾಬ್ದಾರಿ, ನಂದಲ್ಲ," ಎಂದು ನನ್ನ ಕಡೆ ತಿರುಗಿ ಸೇರಿಸಿದರು. ಗೆದ್ದ ದಿನವೂ ಈ ಮನುಷ್ಯ ನನಗೆ ನೆಮ್ಮದಿ ಕೊಡಲಿಲ್ಲ. ಸಾಕ್ಷಿ ಮಾತ್ರ ಮಣ್ಣಿನ ಕೈಯಲ್ಲೇ ನನ್ನ ಸೀರೆ ಹಿಡಿದುಕೊಂಡು ಕುಣಿದಳು.

ನಿಂಗವ್ವನನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಶನಿವಾರ ಬೈದದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಆಕೆ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಅಕ್ಕೋರ, ಆ ಕೂಸ ಹೇಳಿದ್ದ ಖರೇ ಏನ್ರಿ? ಯಾರ ತಪ್ಪೂ ಇಲ್ಲದನೂ ಬಿರುಕ ಬಿಡತೈತಿ?"

ಯುರೋಪಾದ ಮಟ್ಟಿಗೆ ಖರೆ. ಐರಾಣಿ ಗಡಿಗೆಯನ್ನು ಗುರುಗ್ರಹ ಒಡೆಯುವುದಿಲ್ಲ. ಮಣ್ಣಿನಲ್ಲಿ ಹರಳು ಉಳಿದಿರಬಹುದು, ಆವಿಗೆಯ ಉರಿ ಒಂದು ಕಡೆ ಹೆಚ್ಚಾಗಿರಬಹುದು, ಒಣಗಿದ್ದು ಕಡಿಮೆಯಾಗಿರಬಹುದು. ಗಡಿಗೆ ಒಡೆದದ್ದಕ್ಕೂ ಹುಡುಗಿ ಸತ್ತದ್ದಕ್ಕೂ ಸಂಬಂಧವೇ ಇಲ್ಲ. ವಿಜ್ಞಾನ ಕಲಿಸುವವಳು ನಾನು, ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತು.

"ಖರೇ ರೀ," ಎಂದೆ.

ಆಕೆಯ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಸಿಡಿಮಿಡಿಗೊಂಡಳು. "ಇದನ್ನ ಈಗ ಹೇಳತೀರಲ್ರಿ! ಆ ಮದುಮಗಳ ಅವ್ವ ಹ್ವಾದ ವರ್ಷ ಸತ್ತಳು. ಯಾರಿಗೆ ಹೋಗಿ ಹೇಳ್ಲಿ ನಾ?"

"ನನಗ ಹೇಳ್ರಿ," ಎಂದೆ.

"ನಿಮಗ ಹೇಳಿ ಏನ ಮಾಡ್ಲಿ ಅಕ್ಕೋರ? ನನ್ನ ಕೈ ಕೆಟ್ಟ ಕೈ ಅಂದಾಕಿ ಅಕಿ," ಎಂದು ನಿಂಗವ್ವ ಬುಟ್ಟಿ ಎತ್ತಿಕೊಂಡು ರೈಲು ಹತ್ತಿದಳು.